ತಟ್ಟೆ ಬೇರೆ ಇಟ್ಟೆ, ಕಿಟಕಿ ಮುಚ್ಚಿಟ್ಟೆ: ನನ್ನ ಆರು ತಿಂಗಳ ಟಿಬಿ ಚಿಕಿತ್ಸೆ

ಮೊನ್ನೆ ಮಂಗಳವಾರ ಕೊನೆಯ ದಿನದ ಮಾತ್ರೆ ನುಂಗಿದೆ. ಮೊದಲ ಹಂತ 56 ದಿನ, ಎರಡನೇ ಹಂತ 112 ದಿನ. ಒಟ್ಟು 168. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಾ ಬಂದಿದ್ದೆ. ಒಂದು ದಿನವೂ ತಪ್ಪಲಿಲ್ಲ. ಇದನ್ನು ಹೇಳುವಾಗ ಸ್ವಲ್ಪ ಜಂಬ ಬರುತ್ತದೆ, ಬರಲಿ ಬಿಡಿ.

ಆದರೆ ಬರೆಯೋಕೆ ಕೂತಿದ್ದು ಮಾತ್ರೆ ಬಗ್ಗೆ ಅಲ್ಲ. ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಅಂತ ಆಸ್ಪತ್ರೆಯಲ್ಲಿ ಹತ್ತು ಸಲ ಹೇಳುತ್ತಾರೆ. ಮನೆಯವರಿಗೆ ಹರಡದ ಹಾಗೆ ಹೇಗಿರಬೇಕು ಅನ್ನೋದು ಮಾತ್ರ ನನಗೆ ತಡವಾಗಿ, ಅದೂ ಚೂರುಚೂರಾಗಿ ಗೊತ್ತಾಯಿತು. ಟಿಬಿ ಅಂಟುರೋಗ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಹೇಗೆ ಅಂಟುತ್ತದೆ ಅಂತ ಯಾರಾದರೂ ಕೇಳಿದ್ದರೆ ಧೈರ್ಯವಾಗಿ ತಪ್ಪು ಉತ್ತರ ಕೊಡುತ್ತಿದ್ದೆ.

ಕೆಮ್ಮು ಶುರುವಾಗಿದ್ದು ಸೆಪ್ಟೆಂಬರಿನಲ್ಲಿ. ಮಳೆಗಾಲ. ನಾನು ಕೆಲಸ ಮಾಡುವುದು ಗಾರ್ಮೆಂಟ್ಸಿನಲ್ಲಿ, ಅಲ್ಲಿ ಬಟ್ಟೆಯ ಧೂಳು ಬೇರೆ. ಒಂದು ಲೈನಿನಲ್ಲಿ ನಾಲ್ಕೈದು ಜನ ಯಾವಾಗಲೂ ಕೆಮ್ಮುತ್ತಲೇ ಇರುತ್ತಾರೆ. ಮನೆ ಹತ್ತಿರದ ಕ್ಲಿನಿಕ್ಕಿಗೆ ಮೂರು ಸಲ ಹೋದೆ. ಮೂರು ಸಲವೂ ಸಿರಪ್ಪು, ಎರಡು ಸಲ ಆಂಟಿಬಯೋಟಿಕ್. ಐದು ದಿನ ಕಮ್ಮಿ ಅನಿಸುತ್ತಿತ್ತು, ಆರನೇ ದಿನ ಮತ್ತೆ ಅದೇ ರಾಗ. ಸಂಜೆ ಆಯಿತೆಂದರೆ ಮೈ ಬಿಸಿ. ರಾತ್ರಿ ಬೆವರಿ ದಿಂಬು ಒದ್ದೆ. 53 ಕೆಜಿ ಇದ್ದವಳು 47ಕ್ಕೆ ಇಳಿದಿದ್ದೆ. ರವಿಕೆ ಸಡಿಲವಾಗಿದ್ದು ನೋಡಿ ಲೈನಿನ ಹುಡುಗಿಯರು "ಅಕ್ಕ, ಸಣ್ಣಗಾಗಿ ಚೆನ್ನಾಗಿ ಕಾಣ್ತಿದ್ದೀರಾ" ಅಂದರು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಖುಷಿಯಾಗಿತ್ತು.

ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು ಅಂತ ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ ಬರೆದಿದೆ. ಅದರ ಕೆಳಗೇ ನಿಂತು ನಾನು ದಿನಾ ಬಸ್ಸಿಗೆ ಕಾಯುತ್ತಿದ್ದೆ. ಆ ಗೋಡೆಬರಹ ಬೇರೆ ಯಾರಿಗೋ ಅಂದುಕೊಂಡಿದ್ದೆ.

ದೀಪಾವಳಿಗೆ ತಂಗಿ ಬಂದಳು, ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು. ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಮುಂದಿನ ರೂಮಿಗೆ ಒಂದೇ ಕಿಟಕಿ, ಅದನ್ನು ಸೊಳ್ಳೆ ಬರುತ್ತದೆ ಅಂತ ಯಾವಾಗಲೂ ಮುಚ್ಚಿರುತ್ತಿದ್ದೆವು. ಹಬ್ಬಕ್ಕೆ ಪಟಾಕಿ ಹೊಗೆ ಬರುತ್ತದೆ ಅಂತ ಸಂದಿಗೆ ಬಟ್ಟೆ ಬೇರೆ ತುರುಕಿದೆವು. ಮೂರು ರಾತ್ರಿ ನಾನು, ತಂಗಿ, ಅವಳ ಕೂಸು, ನನ್ನ ನಾಲ್ಕು ವರ್ಷದ ಮಗ ಅದೇ ರೂಮಿನಲ್ಲಿ ಸಾಲಾಗಿ ಮಲಗಿದೆವು. ನಾನು ರಾತ್ರಿಯಿಡೀ ಕೆಮ್ಮಿದೆ. ಕೂಸು ಎದ್ದುಬಿಡುತ್ತದೆ ಅಂತ ಸೆರಗು ಬಾಯಿಗೆ ಇಟ್ಟುಕೊಂಡು ಕೆಮ್ಮಿದೆ. ನಿದ್ದೆ ಕೆಡಬಾರದು ಅನ್ನುವ ಒಂದೇ ಚಿಂತೆ.

ಹಬ್ಬ ಮುಗಿದು ವಾರಕ್ಕೆ ಕಫದಲ್ಲಿ ರಕ್ತದ ಎಳೆ ಕಂಡಿತು. ಮಾರನೇ ದಿನ ರಜೆ ಹಾಕಿ ತಾಲ್ಲೂಕು ಆಸ್ಪತ್ರೆಗೆ ಹೋದೆ. ಅಷ್ಟರಲ್ಲಿ ಕ್ಲಿನಿಕ್ಕು, ಔಷಧಿ, ಹೊರಗೆ ತೆಗೆಸಿದ ಒಂದು ಎಕ್ಸ್‌ರೇ ಎಲ್ಲಾ ಸೇರಿ 3,800 ರೂಪಾಯಿ ಕೈಬಿಟ್ಟಿತ್ತು. ಆಮೇಲಿನ ಆರು ತಿಂಗಳಲ್ಲಿ ಪರೀಕ್ಷೆಗಾಗಲೀ ಮಾತ್ರೆಗಾಗಲೀ ಒಂದು ಪೈಸೆ ಕೊಟ್ಟಿಲ್ಲ. ಮೊದಲೇ ಅಲ್ಲಿಗೆ ಹೋಗಬಾರದಿತ್ತಾ ಅಂತ ಈಗ ಅನಿಸುತ್ತದೆ. ಆಗ ಕ್ಯೂ ನೆನೆಸಿಕೊಂಡರೇ ಭಯ.

ಕಫ ಕೊಡುವುದು ಸುಲಭದ ಕೆಲಸ ಅಂದುಕೊಂಡಿದ್ದೆ. ನನ್ನ ಮೊದಲ ಡಬ್ಬಿಯನ್ನು ಲ್ಯಾಬಿನವರು ವಾಪಸ್ಸು ಕೊಟ್ಟರು. "ಇದು ಎಂಜಲು ಕಣಮ್ಮಾ, ಕಫ ಅಲ್ಲ." ಹೇಗೆ ಅಂತ ಅಲ್ಲಿದ್ದ ಅಣ್ಣ ಒಬ್ಬರು ತೋರಿಸಿಕೊಟ್ಟರು. ಬಾಯಿ ನೀರಿನಿಂದ ಮುಕ್ಕಳಿಸಬೇಕು. ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಬೇಕು. ಒಂದು ಡಬ್ಬಿ ಅಲ್ಲೇ ಆಗಲೇ, ಇನ್ನೊಂದು ಮಾರನೇ ದಿನ ಬೆಳಿಗ್ಗೆ ಎದ್ದ ತಕ್ಷಣದ್ದು. ನಾನು ನಾಚಿಕೆಯಿಂದ ಡಬ್ಬಿ ಹಿಡಿದು ಟಾಯ್ಲೆಟ್ಟಿನ ಕಡೆ ಹೊರಟೆ. ಅವರು ಕೂಗಿ ನಿಲ್ಲಿಸಿದರು. "ಒಳಗಲ್ಲ, ಆ ಮರದ ಹತ್ತಿರ ಹೋಗಿ. ಬಯಲಲ್ಲಿ." ನನ್ನ ಮಾನ ತೆಗೆಯುತ್ತಿದ್ದಾರೆ ಅಂತ ಸಿಟ್ಟು ಬಂತು. ಮುಚ್ಚಿದ ಜಾಗದಲ್ಲಿ ಕೆಮ್ಮಿದರೆ ನನ್ನ ನಂತರ ಒಳಗೆ ಹೋದವರು ಅದೇ ಗಾಳಿ ಉಸಿರಾಡುತ್ತಾರೆ. ಮೊದಲ ಪಾಠ ಅಲ್ಲೇ ಸಿಕ್ಕಿತ್ತು. ನನಗೆ ತಿಳಿಯಲಿಲ್ಲ ಅಷ್ಟೆ.

ಮೂರನೇ ದಿನ ರಿಪೋರ್ಟು ಬಂತು. ಸಿಬಿನಾಟ್ ಅನ್ನುವ ಮೆಷಿನ್ನಿನಲ್ಲಿ ಮಾಡುತ್ತಾರೆ. ಕೆಲವು ಕಡೆ ಟ್ರೂನ್ಯಾಟ್ ಅಂತ ಇನ್ನೊಂದು ಇದೆ. ಮೆಷಿನ್ನಿಗೆ ಸಾಕಾಗುವುದು ಒಂದೆರಡು ಗಂಟೆ, ಕಾಯುವುದು ಸರದಿಗೆ. ರಿಪೋರ್ಟಿನಲ್ಲಿ ಎರಡು ಸಾಲು ಇತ್ತು. ಒಂದರಲ್ಲಿ 'ಡಿಟೆಕ್ಟೆಡ್', ಇನ್ನೊಂದರಲ್ಲಿ 'ನಾಟ್ ಡಿಟೆಕ್ಟೆಡ್'. ಕಾಯಿಲೆ ಇದೆಯೋ ಇಲ್ಲವೋ ಅಂತ ತಿಳಿಯದೆ ಹತ್ತು ನಿಮಿಷ ಬೆಂಚಿನ ಮೇಲೆ ಕೂತಿದ್ದೆ. ಮೊದಲನೇ ಸಾಲು ಟಿಬಿ ಇದೆ ಅಂತ. ಎರಡನೇ ಸಾಲು ರಿಫಾಂಪಿಸಿನ್ ಅನ್ನುವ ಮುಖ್ಯ ಮಾತ್ರೆಗೆ ಈ ರೋಗಾಣು ಬಗ್ಗುವುದಿಲ್ಲವೇ ಅನ್ನುವ ಲೆಕ್ಕ. ಅಲ್ಲಿ 'ನಾಟ್' ಇದ್ದರೆ ಒಳ್ಳೆಯದು, ಮಾತ್ರೆ ಕೆಲಸ ಮಾಡುತ್ತದೆ. ಎಚ್‌ಐವಿ ಮತ್ತು ಸಕ್ಕರೆ ಪರೀಕ್ಷೆಗೂ ರಕ್ತ ತೆಗೆದರು. ಎಚ್‌ಐವಿ ಅಂದಾಕ್ಷಣ ನಮ್ಮ ಯಜಮಾನರ ಮುಖ ಕಪ್ಪಾಯಿತು. ಟಿಬಿ ಬಂದ ಎಲ್ಲರಿಗೂ ಮಾಡುತ್ತಾರೆ. ಯಾರ ಮೇಲೂ ಅನುಮಾನಪಟ್ಟು ಅಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳಿಟ್ಟಿರಿ.

ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಕೊಟ್ಟು ನಿಕ್ಷಯ್ ಐಡಿ ಅಂತ ಒಂದು ನಂಬರ್ ಬರೆಸಿಕೊಂಡೆ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ದೇಶದ ಯಾವ ಸರ್ಕಾರಿ ಆಸ್ಪತ್ರೆಗೆ ಹೋದರೂ ಆ ನಂಬರಿನಿಂದಲೇ ನಿಮ್ಮ ವಿವರ ಸಿಗುತ್ತದೆ. ಖಾಸಗಿ ಡಾಕ್ಟರ ಹತ್ತಿರ ಚಿಕಿತ್ಸೆ ಪಡೆಯುವವರಿಗೂ ಈ ಐಡಿ ಆಗಬೇಕು. ಟಿಬಿ ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕು ಅನ್ನುವ ನಿಯಮ 2012ರಿಂದ ಇದೆ.

ಮಾತ್ರೆ ಹಿಡಿದು ಮನೆಗೆ ಬಂದೆ. ಅಲ್ಲಿಂದ ಶುರು ನಮ್ಮ ಅವಾಂತರ.

ಅತ್ತೆ ಅಳಲಿಲ್ಲ, ಬೈಯಲಿಲ್ಲ. ಅಟ್ಟದಿಂದ ಒಂದು ಹಳೇ ಸ್ಟೀಲ್ ತಟ್ಟೆ, ಲೋಟ, ಚೊಂಬು ಇಳಿಸಿ, ಮೊಳೆಯಿಂದ ತಟ್ಟೆಯ ಹಿಂದೆ ಒಂದು ಗೆರೆ ಎಳೆದರು. "ಇದು ನಿಂದು." ನಾನು ಉಂಡ ತಟ್ಟೆಯನ್ನು ದಿನಾ ಎರಡು ಹೊತ್ತು ಕುದಿಯುವ ನೀರಿಗೆ ಹಾಕುತ್ತಿದ್ದರು. ಟವೆಲ್ ಬೇರೆ, ಸೋಪು ಬೇರೆ, ಬಟ್ಟೆ ಒಗೆಯುವ ಬಕೆಟ್ಟು ಬೇರೆ. ಮಗನಿಗೆ "ಅಮ್ಮನ್ನ ಮುಟ್ಟಬೇಡ" ಅಂತ ಕಟ್ಟಪ್ಪಣೆ. ನಾನೂ ಒಪ್ಪಿದೆ. ಒಪ್ಪಿದ್ದೇನು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಾಗಿಲ ಹಿಡಿಯನ್ನೂ ಡೆಟಾಲಿನಲ್ಲಿ ಒರೆಸುತ್ತಿದ್ದೆ. ಕೊರೋನಾ ಕಾಲದ ಅಭ್ಯಾಸ.

ರಾತ್ರಿ ಮಾತ್ರ ಎಲ್ಲರೂ ಅದೇ ಮುಂದಿನ ರೂಮಿನಲ್ಲಿ, ಕಿಟಕಿ ಮುಚ್ಚಿ, ಟಿವಿ ನೋಡುತ್ತಾ ಕೂರುತ್ತಿದ್ದೆವು. ಆರು ದಿನ ಹೀಗೇ ನಡೆಯಿತು.

ಏಳನೇ ದಿನ ಮತ್ತೆ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿ ಟಿಬಿ ವಿಭಾಗದ ಹೊರಗೆ, ವರಾಂಡದ ಬೆಂಚಿನ ಮೇಲೆ ಒಂಬತ್ತು ಹತ್ತು ಜನ ಕೂತಿದ್ದೆವು. ಟಿಬಿ ಮೇಲ್ವಿಚಾರಕರು ಹೊರಗೆ ಬಂದು ಸುಮ್ನೆ ಮಾತಿಗೆ ಅನ್ನುವ ಹಾಗೆ ಕೇಳಿದರು. "ಮನೆಯವರಿಗೆ ಬರದೇ ಇರೋಕೆ ಏನೇನು ಮಾಡ್ತಿದ್ದೀರಿ, ಹೇಳಿ ನೋಡೋಣ." ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬ ತಾತ ಹುಳಿ ತಿನ್ನುವುದನ್ನು ಬಿಟ್ಟಿದ್ದರು. ಒಬ್ಬರು ಮನೆಯಲ್ಲಿ ಬೇವಿನ ಹೊಗೆ ಹಾಕುತ್ತಿದ್ದರು, ಅದರಿಂದ ಇನ್ನೂ ಜಾಸ್ತಿ ಕೆಮ್ಮುತ್ತಿದ್ದರು. ಒಬ್ಬ ಹುಡುಗ ಹೆಂಡತಿಗೆ ಮಾಸ್ಕ್ ಹಾಕಿಸಿ ತಾನು ಹಾಕದೆ ಕೂತಿದ್ದ. ನಾನು ಜೋರಾಗಿ "ತಟ್ಟೆ ಲೋಟ ಎಲ್ಲಾ ಬೇರೆ ಮಾಡಿದ್ದೀನಿ ಸರ್" ಅಂದೆ, ಶಭಾಷ್ ಅಂತಾರೆ ಅಂತ ಕಾಯುತ್ತಾ. ನಾನು ಹೇಳಿ ಮುಗಿಸುವಷ್ಟರಲ್ಲಿ ಪಕ್ಕದವರಿಗೆ ಕೆಮ್ಮು ಬಂತು. ಮಾಸ್ಕ್ ಕೆಳಗೆ ಎಳೆದು, ಚೆನ್ನಾಗಿ ಕೆಮ್ಮಿ, ಮತ್ತೆ ಮೇಲೆ ಹಾಕಿಕೊಂಡರು. ಇದನ್ನು ನೋಡಿ ನಗಬೇಡಿ. ಆಮೇಲೆ ಗಮನಿಸಿದೆ, ನಾನೂ ಹಾಗೇ ಮಾಡುತ್ತಿದ್ದೆ. ಒದ್ದೆಯಾಗುತ್ತದೆ ಅಂತ.

"ಮನೆ ಕಿಟಕಿ ತೆಗೆದಿದ್ದೀರಾ?" ಅಂತ ಅವರು ಕೇಳಿದಾಗ ಇಡೀ ಬೆಂಚು ಸುಮ್ಮನಾಯಿತು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಟಿಬಿ ತಟ್ಟೆಯಿಂದ ಬರುವುದಿಲ್ಲ. ಬಟ್ಟೆಯಿಂದ, ಟವೆಲಿನಿಂದ, ಕೈ ಕುಲುಕುವುದರಿಂದ, ಮಗುವನ್ನು ಎತ್ತಿಕೊಳ್ಳುವುದರಿಂದ ಬರುವುದಿಲ್ಲ. ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗಲೂ ಸಣ್ಣ ಹನಿಗಳು ಹೊರಬರುತ್ತವೆ. ದೊಡ್ಡ ಹನಿ ನೆಲಕ್ಕೆ ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣವು ಒಣಗಿ ಗಾಳಿಯಲ್ಲಿ ತೇಲುತ್ತಿರುತ್ತವೆ, ಮುಚ್ಚಿದ ರೂಮಿನಲ್ಲಾದರೆ ಗಂಟೆಗಟ್ಟಲೆ. ಅದನ್ನು ಇನ್ನೊಬ್ಬರು ಉಸಿರಾಡಿದರೆ ಅಂಟುತ್ತದೆ. ಹೊರಗಿನ ಗಾಳಿ ಆಡಿದರೆ ಅದು ಚದುರಿ ತೆಳುವಾಗುತ್ತದೆ. ಬಿಸಿಲಿಗೆ ರೋಗಾಣು ಸಾಯುತ್ತದೆ. ಶ್ವಾಸಕೋಶವಲ್ಲದೆ ಬೇರೆ ಕಡೆ, ಅಂದರೆ ಗಡ್ಡೆಯಲ್ಲೋ ಮೂಳೆಯಲ್ಲೋ ಮಾತ್ರ ಟಿಬಿ ಇರುವವರಿಂದ ಸಾಮಾನ್ಯವಾಗಿ ಹರಡುವುದೇ ಇಲ್ಲ.

ಅತ್ತೆ ಆರು ದಿನದಿಂದ ಕುದಿಸುತ್ತಿದ್ದ ತಟ್ಟೆ ನೆನಪಾಯಿತು. ಸಂದಿಗೆ ತುರುಕಿದ ಬಟ್ಟೆ ಇನ್ನೂ ಹಾಗೇ ಇತ್ತು.

ಮನೆಗೆ ಬಂದು ಮೊದಲು ಆ ಬಟ್ಟೆ ಕಿತ್ತೆ. ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಸಿದೆವು. ಬಡಗಿಯ ಕೂಲಿ ಸೇರಿ 650 ರೂಪಾಯಿ. ಆರು ತಿಂಗಳಲ್ಲಿ ಮಾಡಿದ ಖರ್ಚಿನಲ್ಲಿ ಇದರಷ್ಟು ಸಾರ್ಥಕ ಖರ್ಚು ಇನ್ನೊಂದಿಲ್ಲ. ನನ್ನ ಹಾಸಿಗೆ ಕಿಟಕಿ ಪಕ್ಕಕ್ಕೆ ಬಂತು. ಯಜಮಾನರು, ಮಗ, ಅತ್ತೆ ಒಳಗಿನ ರೂಮಿಗೆ ಹೋದರು. ಹಗಲು ಮುಂದಿನ ಬಾಗಿಲು, ಹಿಂದಿನ ಬಾಗಿಲು ಎರಡೂ ತೆಗೆದಿಡುತ್ತಿದ್ದೆವು, ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೋಗುವ ಹಾಗೆ. ಟೇಬಲ್ ಫ್ಯಾನ್ ನನ್ನ ಬೆನ್ನ ಹಿಂದಿಟ್ಟು ಕಿಟಕಿ ಕಡೆ ಮುಖ ಮಾಡಿದೆ. ಮೊದಲು ಅದು ನನ್ನ ಮೇಲಿಂದ ಬೀಸಿ ನೇರ ಮಗನ ಕಡೆ ಗಾಳಿ ಕಳಿಸುತ್ತಿತ್ತು! ಮಾಸ್ಕ್ ನಾನು ಹಾಕಿಕೊಂಡೆ. ರೋಗಿಯ ಬಾಯಿಂದ ಹೊರಬರುವಾಗಲೇ ಹನಿಯನ್ನು ತಡೆಯುವುದಕ್ಕೆ ಸಾಮಾನ್ಯ ಮೂರು ಪದರದ ಮಾಸ್ಕ್ ಸಾಕು. ಒಳಗೆ ಎಳೆದುಕೊಳ್ಳುವವರನ್ನು ಕಾಪಾಡೋಕೆ ಅದು ಅಷ್ಟು ಸಾಲದು, ಅದಕ್ಕೆ ಎನ್95 ಬೇಕು. ಕಫ ಉಗಿಯಲು ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡೆ, ತಳದಲ್ಲಿ ಸ್ವಲ್ಪ ಫಿನೈಲ್. ದಿನಾ ಟಾಯ್ಲೆಟ್ಟಿಗೆ ಸುರಿದು ನೀರು ಹಾಕುತ್ತಿದ್ದೆ.

ಡಿಸೆಂಬರಿನ ಚಳಿಯಲ್ಲಿ ಕಿಟಕಿ ತೆಗೆದು ಮಲಗುವುದು ಹಿಂಸೆ. ಅತ್ತೆಗೆ ಇದು ಹುಚ್ಚಾಟ ಅನಿಸಿತು. "ಕೆಮ್ಮಿರೋಳು ಗಾಳಿಗೆ ಮಲಗ್ತಾಳಾ ಯಾರಾದ್ರೂ?" ಅಂತ ಎರಡು ದಿನ ಜಗಳ. ಆಮೇಲೆ ಒಂದು ಸಂಜೆ ತಾವಾಗಿಯೇ ಹೇಳಿದರು. ಅವರ ದೊಡ್ಡಣ್ಣ ಮೈಸೂರಿನ ಟಿಬಿ ಸ್ಯಾನಿಟೋರಿಯಂನಲ್ಲಿ ತಿಂಗಳುಗಟ್ಟಲೆ ಇದ್ದರಂತೆ. ಚಿಕ್ಕ ಹುಡುಗಿಯಾಗಿ ನೋಡೋಕೆ ಹೋದಾಗ, ಉದ್ದನೆಯ ಜಗಲಿಯಲ್ಲಿ ಗಾಳಿ ಬೆಳಕಿಗೆ ಮಂಚಗಳನ್ನು ಸಾಲಾಗಿ ಹಾಕಿದ್ದರಂತೆ. "ಅಯ್ಯೋ, ಪಾಪ, ಚಳಿಗೆ ಬಿಟ್ಟಿದ್ದಾರಲ್ಲ ಅಂತ ನಮ್ಮಮ್ಮ ಅತ್ತಿದ್ದರು." ಅಷ್ಟು ಹೇಳಿ ಎದ್ದು ಹೋದರು. ಮಾರನೇ ದಿನ ನನಗೆ ಇನ್ನೊಂದು ಕಂಬಳಿ ಕೊಟ್ಟರು. ಗೆರೆ ಎಳೆದ ತಟ್ಟೆ ಮಾತ್ರ ಜನವರಿವರೆಗೂ ಹೋಗಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಕಿಟಕಿ ಗೆದ್ದೆನಲ್ಲ, ಸಾಕು ಅಂದುಕೊಂಡೆ.

ಈ ಆರು ತಿಂಗಳಲ್ಲಿ ನನಗೆ ಅತಿ ಕಷ್ಟ ಆಗಿದ್ದು ಯಾವುದು ಅಂತ ಕೇಳಿದರೆ ಮಾತ್ರೆಯೂ ಅಲ್ಲ, ಚಳಿಯೂ ಅಲ್ಲ. ಒಂದು ಫೋನು.

ಆಶಾ ಕಾರ್ಯಕರ್ತೆ ಮನೆಗೆ ಬಂದು ಪಟ್ಟಿ ಬರೆದುಕೊಂಡರು. ಮನೆಯಲ್ಲಿ ಯಾರಿದ್ದಾರೆ, ಯಾರಿಗಾದರೂ ಕೆಮ್ಮು ಜ್ವರ ಇದೆಯಾ, ಐದು ವರ್ಷದ ಒಳಗಿನ ಮಕ್ಕಳು ಎಷ್ಟು. ಕೊನೆಗೆ "ಈ ಮೂರು ತಿಂಗಳಲ್ಲಿ ಬೇರೆ ಯಾರಾದರೂ ಬಂದು ಉಳಿದಿದ್ದರಾ?" ಅಂದರು. ನಾನು "ಇಲ್ಲ" ಅಂದೆ. ಬಾಯಿಗೆ ಬಂದಿದ್ದು ಅದೇ. ಅವರು ಹೋದ ಮೇಲೆ ಊಟ ಸೇರಲಿಲ್ಲ. ಮಾತ್ರೆ ಶುರು ಮಾಡಿದ ಮೇಲೆ ಹರಡುವ ಶಕ್ತಿ ಬೇಗ ಇಳಿಯುತ್ತದೆ, ಹರಡುವುದೆಲ್ಲ ಹೆಚ್ಚಾಗಿ ಕಾಯಿಲೆ ಗೊತ್ತಾಗುವ ಮೊದಲೇ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಎಲ್ಲರಿಗೂ ಧೈರ್ಯ ಬರಲಿ ಅಂತ ಹೇಳಿದ ಮಾತದು. ನನಗೆ ಮಾತ್ರ ಆ ಮೂರು ರಾತ್ರಿ ಕಣ್ಣ ಮುಂದೆ ಬಂತು.

ತಂಗಿಗೆ ಹೇಳಿದರೆ ಅವಳ ಗಂಡನ ಮನೆಯಲ್ಲಿ ಏನಂತಾರೆ? ನಮ್ಮ ಮನೆಯಲ್ಲಿ ಟಿಬಿ ಅಂತ ಊರೆಲ್ಲಾ ಗೊತ್ತಾಗುತ್ತದೆ. ಹೇಳದಿದ್ದರೆ? ನಾಲ್ಕು ತಿಂಗಳ ಕೂಸು. ಎರಡು ದಿನ ಹಿಂದೆ ಮುಂದೆ ನೋಡಿ, ಮೂರನೇ ದಿನ ಟೆರೇಸಿಗೆ ಹೋಗಿ ಫೋನ್ ಮಾಡಿದೆ. ಪೂರ್ತಿ ಕೇಳಿ ಅವಳು "ಸರಿ ಅಕ್ಕ" ಅಂತ ಇಟ್ಟುಬಿಟ್ಟಳು. ಐದು ದಿನ ನನ್ನ ಫೋನ್ ತೆಗೆಯಲಿಲ್ಲ.

ಆರನೇ ದಿನ ಅವಳೇ ಮಾಡಿದಳು. ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ನನ್ನ ನಿಕ್ಷಯ್ ಐಡಿ ತೋರಿಸಿದ್ದಳು. ಕೂಸಿಗೆ ಎಕ್ಸ್‌ರೇ ಆಗಿತ್ತು, ಕಾಯಿಲೆ ಇಲ್ಲ. ಆದರೂ ಮುಂಜಾಗ್ರತೆ ಮಾತ್ರೆ ಶುರು ಮಾಡಿದ್ದರು. "ಬೇಜಾರಾಗಿತ್ತು ಅಕ್ಕ. ಆದ್ರೆ ಹೇಳದೇ ಇದ್ದಿದ್ರೆ ಜನ್ಮದಲ್ಲಿ ಮಾತಾಡ್ತಿರಲಿಲ್ಲ" ಅಂದಳು. ಆಶಾ ಅವರನ್ನು ಹುಡುಕಿಕೊಂಡು ಹೋಗಿ "ಒಬ್ಬರನ್ನ ಬಿಟ್ಟಿದ್ದೆ, ಬರ್ಕೊಳ್ಳಿ" ಅಂದೆ. ಅವರೇನೂ ಕೇಳಲಿಲ್ಲ, ಬರೆದುಕೊಂಡರು. ಇಂಥವು ಅವರಿಗೆ ಹೊಸದಲ್ಲ ಅಂತ ಕಾಣುತ್ತದೆ.

ನನ್ನ ಮಗನ ಮಾತ್ರೆಗೆ ಮನೆಯಲ್ಲಿ ಇನ್ನೊಂದು ಯುದ್ಧ. ಚೆನ್ನಾಗಿ ಆಡಿಕೊಂಡಿರುವ ಮಗುವಿಗೆ ಆರು ತಿಂಗಳು ದಿನಾ ಮಾತ್ರೆ ಅಂದರೆ ಯಾರು ಒಪ್ಪುತ್ತಾರೆ? "ಬಿಸಿಜಿ ಚುಚ್ಚಿಸಿದ್ದೀವಲ್ಲ, ತೋಳಿನ ಮೇಲೆ ಕಲೆ ಇದೆ ನೋಡಿ" ಅಂತ ಯಜಮಾನರು ವಾದ ಮಾಡಿದರು. ಬಿಸಿಜಿ ಲಸಿಕೆ ಚಿಕ್ಕ ಮಕ್ಕಳಿಗೆ ಮಿದುಳಿಗೆ ಹತ್ತುವಂಥ ಘೋರ ಟಿಬಿ ಬರದಂತೆ ಕಾಪಾಡುತ್ತದೆ, ಸೋಂಕೇ ತಾಗದಂತೆ ತಡೆಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ ಅಂತ ಡಾಕ್ಟರ್ ಮೇಡಂ ಹೇಳಿದರು. ರೋಗಾಣು ಒಳಗೆ ಹೋದ ತಕ್ಷಣ ಕಾಯಿಲೆ ಬರುವುದಿಲ್ಲವಂತೆ. ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಸುಮ್ಮನಿರಬಹುದು. ಬಹಳ ಜನರಿಗೆ ಜೀವಮಾನದಲ್ಲಿ ಕಾಯಿಲೆ ಬರುವುದೇ ಇಲ್ಲ. ಚಿಕ್ಕ ಮಕ್ಕಳಲ್ಲಿ ಮಾತ್ರ ಅದು ಬೇಗ ಹೊತ್ತಿಕೊಳ್ಳುತ್ತದೆ. ಅದಕ್ಕೇ ಐದು ವರ್ಷದ ಒಳಗಿನವರಿಗೆ ಮೊದಲು ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಈ ಮಾತ್ರೆ ಕೊಡುತ್ತಾರೆ.

ಎಕ್ಸ್‌ರೇಗೆ ಒಂದು ವಾರ ಕಾದೆವು, ಮಾತ್ರೆ ಸ್ಟಾಕ್ ಬರಲಿಲ್ಲ ಅಂತ ಇನ್ನೂ ಒಂದು ವಾರ. ಎಲ್ಲಾ ಆಗಿ ನನಗಿಂತ ಮೂರು ವಾರ ತಡವಾಗಿ ಮಗನಿಗೆ ಐಸೋನಿಯಾಜಿಡ್ ಶುರುವಾಯಿತು. ವಾಂತಿ, ಊಟ ಬೇಡ ಅನ್ನುವುದು, ಕಣ್ಣು ಹಳದಿ ಆಗುವುದು ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ ಅಂದಿದ್ದರು. ಅವನಿಗೆ ಏನೂ ಆಗಲಿಲ್ಲ. ಯಜಮಾನರಿಗೆ ತೋಳಿನ ಚರ್ಮಕ್ಕೆ ಚುಚ್ಚುವ ಪರೀಕ್ಷೆಯಲ್ಲಿ ಸೋಂಕು ಇದೆ ಅಂತ ಬಂತು, ಎಕ್ಸ್‌ರೇ ಸರಿಯಿತ್ತು. ಅವರಿಗೆ ವಾರಕ್ಕೊಮ್ಮೆ, 12 ವಾರದ ಕೋರ್ಸು. ಅತ್ತೆಗೆ ಸಕ್ಕರೆ ಕಾಯಿಲೆ ಇರುವುದರಿಂದ ಎದೆ ಢವಢವ ಅನ್ನುತ್ತಿತ್ತು. ಅವರದ್ದು ಎರಡೂ ಸರಿಯಿತ್ತು. ಆ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದರು.

ನನ್ನ ಮಾತ್ರೆಯ ಕತೆ ಬೇಗ ಹೇಳಿ ಮುಗಿಸುತ್ತೇನೆ. ತೂಕ ನೋಡಿ ದಿನಕ್ಕೆ ಮೂರು ಕೊಟ್ಟರು. ಮೊದಲ ಹಂತದ ಒಂದೊಂದರಲ್ಲೂ ನಾಲ್ಕು ಔಷಧಿ ಸೇರಿರುತ್ತದೆ, ಎರಡನೇ ಹಂತದಲ್ಲಿ ಮೂರು. ಖಾಲಿ ಹೊಟ್ಟೆಗೆ ಒಂದೇ ಸಲ. ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ, ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಹೇಳಿದ್ದರೂ ಮೊದಲ ದಿನ ನಾನು ಕಿರುಚಿದ್ದೆ. ಬೆಳಿಗ್ಗೆ ಹೊಟ್ಟೆ ತೊಳಸುವುದು ಮೂರು ವಾರ ಇತ್ತು. ಮಂಡಿ ನೋವು ಎರಡು ತಿಂಗಳು. ಕಾಲು ಜೋಮು ಹಿಡಿದರೆ ಹೇಳಿ, ಬಿ6 ಮಾತ್ರೆ ಕೊಡುತ್ತಾರೆ. ಕಣ್ಣು ಮಂಜಾದರೆ, ಕೆಂಪು ಹಸಿರು ಗುರುತು ಸಿಗದಿದ್ದರೆ ಒಂದು ದಿನವೂ ಕಾಯಬೇಡಿ. ಗರ್ಭ ತಡೆಯುವ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಅದನ್ನು ಡಾಕ್ಟರಿಗೆ ಹೇಳಲೇಬೇಕು, ರಿಫಾಂಪಿಸಿನ್ ಅದರ ಶಕ್ತಿ ಇಳಿಸುತ್ತದೆ. ನನಗೆ ಇದನ್ನು ಯಾರೂ ತಾವಾಗಿ ಹೇಳಲಿಲ್ಲ. ನಾನೇ ಕೇಳಿದ್ದಕ್ಕೆ ಗೊತ್ತಾಯಿತು.

ದುಡ್ಡಿನ ವಿಷಯ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಕೊಡುತ್ತಾರೆ. 2018ರಲ್ಲಿ ಶುರುವಾದಾಗ 500 ಇತ್ತು, 2024ರ ನವೆಂಬರಿನಿಂದ ಹೆಚ್ಚಿಸಿದರು. ಆರು ತಿಂಗಳ ಚಿಕಿತ್ಸೆಗೆ ಎರಡು ಕಂತು, ಒಂದೊಂದು 3,000. ಮೊದಲನೆಯದು ಶುರುವಿನಲ್ಲೇ, ಎರಡನೆಯದು 84 ದಿನ ಆದ ಮೇಲೆ. ಶುರುವಿನಲ್ಲೇ ಅಂದರೂ ನನಗೆ ಬಂದಿದ್ದು ಏಳನೇ ವಾರಕ್ಕೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ, ಆಧಾರಿನಲ್ಲಿ ತಂದೆ ಮನೆಯ ಇನಿಶಿಯಲ್, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು. ಮೂರು ಸಲ ಬ್ಯಾಂಕಿಗೆ ಅಲೆದೆ. ನೀವು ಮೊದಲ ವಾರವೇ ಇದನ್ನು ನೋಡಿಕೊಳ್ಳಿ. ಏನಾದರೂ ಸಂದೇಹ ಇದ್ದರೆ 1800 11 6666 ಅಂತ ಉಚಿತ ಸಹಾಯವಾಣಿ ಇದೆ. ಬಂದ ದುಡ್ಡಲ್ಲಿ ಮೊಟ್ಟೆ, ಕಡಲೆಬೀಜ, ಹಾಲು ತಂದೆ. ತೂಕ 54 ಆಗಿದೆ ಈಗ.

ಕೆಲಸದ ಕತೆ ಅಷ್ಟು ಚೆನ್ನಾಗಿಲ್ಲ. ಎರಡು ವಾರದ ಮಾತ್ರೆ ಆದ ಮೇಲೆ, ಕೆಮ್ಮು ಇಳಿದ ಮೇಲೆ, ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರ್ ಮೇಡಂ ಚೀಟಿ ಬರೆದುಕೊಟ್ಟರು. ಮಾತ್ರೆಗೆ ಬಗ್ಗುವ ಟಿಬಿಯಾದರೆ ಅಷ್ಟರಲ್ಲಿ ಹರಡುವುದು ತುಂಬಾ ಕಮ್ಮಿಯಾಗಿರುತ್ತದೆ. ಬಗ್ಗದ ಟಿಬಿಗೆ ಈ ಲೆಕ್ಕ ನಡೆಯುವುದಿಲ್ಲ, ಅವರು ಡಾಕ್ಟರ್ ಹೇಳಿದಷ್ಟು ದಿನ ಜಾಗ್ರತೆ ಇರಬೇಕು. ಚೀಟಿ ತೋರಿಸಿದರೆ ಸೂಪರ್‌ವೈಸರ್ ಕುರ್ಚಿಯಿಂದ ಹಿಂದೆ ಸರಿದು "ಆರು ತಿಂಗಳು ಮುಗಿಸಿಕೊಂಡು ಬಾರಮ್ಮಾ" ಅಂದರು. ಲೈನಿನಲ್ಲಿ ಎರಡು ತಿಂಗಳು ನಾನು ಕೆಮ್ಮುತ್ತಾ ಕೂತಾಗ ಯಾರಿಗೂ ಭಯ ಇರಲಿಲ್ಲ. ಚಿಕಿತ್ಸೆ ಶುರುವಾದ ಮೇಲೆ ಭಯ!

ಸಂಬಳದಲ್ಲಿ ಇಎಸ್‌ಐ ಹಿಡಿಯುವವರು ಇದನ್ನು ಗಮನಿಸಿ. ಕಾಯಿಲೆ ರಜೆಗೆ ಸಂಬಳದ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಟಿಬಿ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲೂ ಇದೆ. ಎರಡು ವರ್ಷ ಬಿಡದೆ ಕೆಲಸದಲ್ಲಿದ್ದು ವಂತಿಗೆ ಕಟ್ಟಿದ್ದರೆ ಶೇಕಡಾ 80ರಂತೆ ಇನ್ನೂ ಹೆಚ್ಚು ದಿನ ಸಿಗುತ್ತದೆ. ನಾನು ಸೇರಿ 14 ತಿಂಗಳಾಗಿತ್ತು, 91 ದಿನದ್ದು ಮಾತ್ರ ಸಿಕ್ಕಿತು. ಅದನ್ನೂ ಹೇಳಿಕೊಟ್ಟಿದ್ದು ಆಸ್ಪತ್ರೆ ಬೆಂಚಿನ ಮೇಲೆ ಪರಿಚಯವಾದ ಇನ್ನೊಬ್ಬರು, ಫ್ಯಾಕ್ಟರಿಯವರಲ್ಲ.

ಎರಡು ತಿಂಗಳಿಗೆ ಕಫ ಪರೀಕ್ಷೆ ನೆಗೆಟಿವ್ ಬಂತು. ಈ ಸಲ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಸಿಬಿನಾಟ್ ಸತ್ತ ರೋಗಾಣುವನ್ನೂ ಲೆಕ್ಕ ಹಿಡಿದುಬಿಡುತ್ತದಂತೆ, ಅದಕ್ಕೆ. ಆ ದಿನ ಮಗ ಮತ್ತೆ ನನ್ನ ಪಕ್ಕ ಮಲಗಿದ. ಮೊದಲು ಅವನಿಗೂ ಸ್ವಲ್ಪ ಸಂಕೋಚ. "ಈಗ ಮುಟ್ಟಬಹುದಾ?" ಅಂತ ಕೇಳಿದ. ಮುಟ್ಟುವುದರಿಂದ ಯಾವತ್ತೂ ಏನೂ ಆಗುತ್ತಿರಲಿಲ್ಲ. ಎರಡು ತಿಂಗಳು ಅವನನ್ನು ಸುಮ್ನೆ ದೂರ ಇಟ್ಟಿದ್ದೆವು. ಹಗಲು ಹೊತ್ತು, ಮಾಸ್ಕ್ ಹಾಕಿಕೊಂಡು, ಹಿತ್ತಲ ಬಿಸಿಲಿನಲ್ಲಿ ಅವನನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದಿತ್ತು. ಇದೊಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಯ ಪರೀಕ್ಷೆಯೂ ನೆಗೆಟಿವ್. ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಅಂದಿದ್ದಾರೆ. ಮುಂದಿನದು ನವೆಂಬರಿಗೆ. ಗೆರೆ ಎಳೆದ ತಟ್ಟೆ ಬೇರೆ ತಟ್ಟೆಗಳ ಜೊತೆ ಸೇರಿಹೋಗಿದೆ, ಯಾರ ಪಾಲಿಗೆ ಬಂದರೂ ಅದರಲ್ಲೇ ಉಣ್ಣುತ್ತೇವೆ. ಮಗನಿಗೆ ಇನ್ನೂ ಒಂದು ತಿಂಗಳ ಮಾತ್ರೆ ಇದೆ. ಕ್ಯಾಲೆಂಡರಿನ ಗೀಟು ಈಗ ಅವನೇ ಎಳೆಯುತ್ತಾನೆ. ಖುಷಿ ಬಂದ ದಿನ ಎರಡೆರಡು ಎಳೆದುಬಿಡುತ್ತಾನೆ, ಹಾಗಾಗಿ ಲೆಕ್ಕಕ್ಕೆ ನಾನು ಮಾತ್ರೆ ಎಣಿಸುತ್ತೇನೆ.